ಕೊನೆಯ ಕಿಟಕಿ ಮುಚ್ಚಿದ ಮೇಲೆ

ಕಂಪ್ಯೂಟರಿನ ಪರದೆಯ ಬಲ ಮೂಲೆಯಲ್ಲಿ ಒಂದು ಪುಟ್ಟ ಗುಣಾಕಾರದ ಗುರುತು ಇರುತ್ತದಲ್ಲ, ಅದನ್ನು ಕಂಡಾಗಲೆಲ್ಲ ನನಗೆ ನನ್ನ ಇಬ್ಬರು ವೈನಿಯರ ನೆನಪಾಗುತ್ತದೆ. ನಮ್ಮ ಕಡೆ ವೈನಿ ಎಂದರೆ ಅಣ್ಣನ ಹೆಂಡತಿ. ನನಗೆ ಅಣ್ಣಂದಿರು ಇಬ್ಬರು, ಹಾಗಾಗಿ ವೈನಿಯರೂ ಇಬ್ಬರು. ನಾನು ಕುಂದಗೋಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಅದರ ಬಾಜೂಕೆ ಕಂಪ್ಯೂಟರನ್ನೂ ಕಲಿಸುತ್ತೇನೆ. ಮಕ್ಕಳ ಉತ್ತರದ ಮೇಲೆ ನಾನು ಆ ಗುರುತು ಹಾಕಿದರೆ ‘ತಪ್ಪು’ ಎಂದರ್ಥ. ಎರಡು ಅಂಕಿಗಳ ನಡುವೆ ಹಾಕಿದರೆ ‘ಗುಣಿಸು’. ಪರದೆಯ ಮೂಲೆಯಲ್ಲಿದ್ದರೆ ‘ಮುಚ್ಚು’. ಒಂದೇ ಗುರುತಿಗೆ ಇಷ್ಟೆಲ್ಲ ಕೆಲಸ ಹಚ್ಚಿದವರು ಯಾರೋ, ಅವರಿಗೆ ಗುರುತುಗಳ ಬರ ಇತ್ತೆಂದು ಕಾಣುತ್ತದೆ.

ಇರಲಿ, ಮುಚ್ಚು ಎಂದರೆ ಏನನ್ನು ಮುಚ್ಚುವುದು? ಇದು ನನ್ನನ್ನು ಬಹಳ ದಿನ ಕೆಣಕಿದ ಪ್ರಶ್ನೆ. ಒಂದು ಪ್ರೋಗ್ರಾಮಿನಲ್ಲಿ ನೀವು ನಾಲ್ಕು ಕಿಟಕಿ ತೆರೆದುಕೊಂಡು ಕೂತಿದ್ದೀರಿ ಎನ್ನಿ. ಒಂದನ್ನು ಮುಚ್ಚಿದರೆ ಉಳಿದವು ಇರುತ್ತವೆ, ಅದರಲ್ಲಿ ತಕರಾರಿಲ್ಲ. ಒಂದೊಂದಾಗಿ ಮುಚ್ಚುತ್ತ ಬಂದು ಕೊನೆಯದನ್ನೂ ಮುಚ್ಚಿದಿರಿ. ಆಗ ಪ್ರೋಗ್ರಾಮು ಕೂಡ ಎದ್ದು ಹೋಗಬೇಕೋ, ಇಲ್ಲಾ ಕಿಟಕಿ ಇಲ್ಲದೆಯೂ ಒಳಗೆ ಕೂತೇ ಇರಬೇಕೋ? ಕೆಲವು ಕಂಪ್ಯೂಟರುಗಳಲ್ಲಿ ಅದು ಎದ್ದು ಹೋಗುತ್ತದೆ. ಇನ್ನು ಕೆಲವುಗಳಲ್ಲಿ, ಪರದೆಯ ಮೇಲೆ ಏನೂ ಕಾಣದಿದ್ದರೂ ಅದು ಒಳಗೆ ಎಚ್ಚರವಾಗಿಯೇ ಇರುತ್ತದೆ. ಹೊರಡು ಎಂದು ಬೇರೆಯಾಗಿ ಹೇಳಿದರೆ ಮಾತ್ರ ಹೊರಡುತ್ತದೆ. ಎರಡು ಪಕ್ಷದವರಿಗೂ ತಮ್ಮದೇ ಸರಿ. ಊಟಕ್ಕೆ ಕೂತಾಗ ಒಮ್ಮೆ ಈ ವಿಷಯವನ್ನು ನಮ್ಮ ಯಜಮಾನರ ಮುಂದೆ ಎತ್ತಿದೆ. ಅವರು ಗಂಭೀರವಾಗಿ ಎಲ್ಲ ಕೇಳಿ, “ಮೊದ್ಲ ಆ ಸಾರಿನ ಬೋಗೋಣಿ ಮುಚ್ಚು, ನೊಣ ಕುಂಡ್ರತಾವ” ಎಂದರು.

ನನ್ನ ಈ ಕುತೂಹಲಕ್ಕೆ ಮೂಲ ಬಹುಶಃ ನಮ್ಮ ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ಆಕೆ ಇರುವತನಕ ಯಾವುದನ್ನೂ ಯಾರೂ ಮುಚ್ಚುವಂತಿರಲಿಲ್ಲ. ಮುಚ್ಚುವುದೆಲ್ಲ ಬೇರೆ ಹೆಸರಿನಲ್ಲಿ ನಡೆಯಬೇಕು. ಬಾಗಿಲು ಹಾಕು ಎನ್ನಬಾರದು, “ಬಾಗಲಾ ಮುಂದ ಮಾಡು” ಎನ್ನಬೇಕು. ಮುಂದೆ ಮಾಡಿದ ಬಾಗಿಲನ್ನು ಯಾರು ಬೇಕಾದರೂ ಬೆರಳಿನಿಂದ ನೂಕಿ ಒಳಗೆ ಬರಬಹುದು. ಹಗಲಲ್ಲಿ ಚಿಲಕ ಹಾಕಿದರೆ ಓಣಿಯ ಮಂದಿ, ಈ ಮನೆಯಲ್ಲಿ ಯಾರಿಗೆ ಏನಾಯಿತು ಎಂದು ವಿಚಾರಿಸಲು ಬರುತ್ತಿದ್ದರು. ಹೊರಟವರು “ಹೋಗ್ತೀನಿ” ಅಂದರೆ ಆಯಿಗೆ ಸಿಟ್ಟು, “ಬರ್ತೀನಿ” ಅನ್ನಬೇಕು. ಓಣಿಯ ಕೊನೆಯ ಮನೆಯ ಕಾಕಾ ಒಬ್ಬರು ಈ ನಿಯಮವನ್ನು ಅಗದಿ ಮನಸ್ಸಿಗೆ ಹಚ್ಚಿಕೊಂಡಿದ್ದರು. ಚಹಾ ಕುಡಿದು “ಬರ್ತೀನ್ರಿ” ಎಂದು ಏಳುತ್ತಿದ್ದರು, ಪಡಸಾಲೆಯಲ್ಲಿ ನಿಂತು ಇನ್ನೊಮ್ಮೆ “ಬರ್ತೀನ್ರಿ”, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ಮತ್ತೊಮ್ಮೆ. ಆಮೇಲೆ ಕಟ್ಟೆಯ ಮೇಲೆ ಕೂತು ಅಸಲು ಮಾತು ಶುರು ಮಾಡುತ್ತಿದ್ದರು. ಅವರು ನಮ್ಮ ಮನೆಯಿಂದ ಹೊರಟದ್ದು ಯಾವಾಗ, ನಿಜವಾಗಿ ಹೋದದ್ದು ಯಾವಾಗ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ದೀಪದ ವಿಷಯವಂತೂ ಇನ್ನೂ ಕಷ್ಟ. ದೀಪ ಆರಿಸು ಎನ್ನುವುದು ಅಶುಭ. “ದೀಪಾ ದೊಡ್ಡದು ಮಾಡು” ಅನ್ನಬೇಕು. ಇದನ್ನು ನನಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಒಂದು ದಿನ ಬೆಳಗಿನ ಜಾವ ಆಯಿ ನನ್ನನ್ನು ಕರೆದು, “ಸರೂ, ಬೆಳಕಾತು, ಕಂದೀಲಾ ದೊಡ್ಡದು ಮಾಡು” ಎಂದಳು. ನಾನು ವಿಧೇಯಳಾಗಿ ಹೋಗಿ ಬತ್ತಿಯನ್ನು ಎಷ್ಟು ಏರುತ್ತದೋ ಅಷ್ಟು ಏರಿಸಿದೆ. ಗಾಜು ಕಪ್ಪಾಯಿತು, ಆಮೇಲೆ ಚಟ್ ಎಂದು ಸೀಳಿತು. ಬೆನ್ನ ಮೇಲೆ ಬಿದ್ದ ಏಟು ಯಾತಕ್ಕೆ ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ.

ಈಗ ವೈನಿಯರ ಸಂಗತಿಗೆ ಬರುತ್ತೇನೆ. ದೊಡ್ಡ ವೈನಿ ನಿಂಗಮ್ಮ, ಸಣ್ಣ ವೈನಿ ಗಿರಿಜಾ. ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ಜೀವ ಸವೆಸಿದವರು. ದೊಡ್ಡ ವೈನಿಗೆ ಮಾತು ಕಡಿಮೆ, ಕೈ ಬಹಳ ಚಲೋ. ಸಣ್ಣ ವೈನಿಗೆ ಮಾತು ಬೇಕಾದಷ್ಟು, ಆದರೆ ಹಿರಿಯಳ ಎದುರಿಗೆ ಆ ಮಾತು ಅರ್ಧಕ್ಕೆ ಇಳಿಯುತ್ತದೆ. ಇಬ್ಬರಿಗೂ ಕಸೂತಿಯ ಹುಚ್ಚು. ಸೀರೆಯ ಎಳೆಗಳನ್ನು ಎಣಿಸುತ್ತ, ಎಲ್ಲಿಯೂ ಗಂಟು ಹಾಕದೆ, ಆನೆ, ನವಿಲು, ತುಳಸಿಕಟ್ಟೆ ಮೂಡಿಸುವ ಕೆಲಸ ಅದು. ದೊಡ್ಡ ವೈನಿ ಹೊಸ ಚಿತ್ತಾರಗಳನ್ನು ಹೆಣೆಯುವವಳು, ಸಣ್ಣ ವೈನಿ ಅವನ್ನು ಸೀರೆಗೆ ಇಳಿಸುವುದರಲ್ಲಿ ಚುರುಕು. ಒಂದು ಬೇಸಿಗೆ ರಜೆಯಲ್ಲಿ ನನಗೆ ಸುಮ್ಮನಿರಲಾಗದೆ ಅವರಿಗಾಗಿ ಒಂದು ಪ್ರೋಗ್ರಾಮು ಬರೆದು ತವರುಮನೆಯ ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ ಚೌಕಳಿ ಹಾಳೆ, ಅದರಲ್ಲಿ ಒಂದೊಂದೇ ಹೊಲಿಗೆಯನ್ನು ಇಟ್ಟು ಚಿತ್ತಾರ ಮಾಡಿಕೊಳ್ಳಬಹುದು. ಒಂದರ ಬಾಜೂಕೆ ಒಂದು ಇಟ್ಟು ನೋಡಲು ಬರಲಿ ಎಂದು ಪ್ರತಿ ಚಿತ್ತಾರಕ್ಕೂ ಒಂದು ಪ್ರತ್ಯೇಕ ಕಿಟಕಿ ಕೊಟ್ಟೆ. ಮಾಡಿದ್ದು ತಾನಾಗಿಯೇ ಉಳಿಯುವಂತೆ ಮಾಡಿದೆ. ಕೊನೆಯ ಕಿಟಕಿ ಮುಚ್ಚಿದರೆ ಪ್ರೋಗ್ರಾಮು ತಾನೇ ಹೋಗಿಬಿಡುವಂತೆಯೂ ಮಾಡಿದೆ. ಅದರ ಬಗ್ಗೆ ಆಗ ನಾನು ವಿಚಾರವನ್ನೇ ಮಾಡಿರಲಿಲ್ಲ.

ಸಣ್ಣ ವೈನಿ ಬೆಳಿಗ್ಗೆ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಆಮೇಲೆ ಕಂಪ್ಯೂಟರಿಗೆ ಕೂರುತ್ತಿದ್ದಳು. ದೊಡ್ಡ ವೈನಿ ಕೂರುವುದು ಮಧ್ಯಾಹ್ನದ ಊಟದ ನಂತರ. ಮನೆ ಒಂದೇ, ಯಂತ್ರ ಒಂದೇ, ಹೊತ್ತು ಬೇರೆ. ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ನಾನು ಶಾಲೆಯಲ್ಲಿ ಎಲ್ಲರ ಮುಂದೆ ನನ್ನ ಪ್ರೋಗ್ರಾಮಿನ ಹೊಗಳಿಕೆಯನ್ನು ನಾನೇ ಮಾಡಿಕೊಂಡು ತಿರುಗಿದೆ. ಆಮೇಲೆ ದೊಡ್ಡ ವೈನಿಯ ಫೋನು ಬಂತು. ಆಕೆ ಫೋನು ಮಾಡುವವಳೇ ಅಲ್ಲ.

“ಸರೂ, ನಿನ್ನ ಮಷೀನಿನ್ಯಾಗ ನಾ ಇಟ್ಟಿದ್ದು ಇಟ್ಟಲ್ಲೆ ಇರೂದುಲ್ಲಲ್ಲ.”

“ಎಲ್ಲಾ ಉಳದಿರ್ತೈತ್ರಿ ವೈನಿ. ಹೊಳ್ಳಿ ತಗದ್ರ ಬರ್ತೈತಿ.”

“ಬರ್ತೈತಿ. ಆದ್ರ ನಾ ಬಿಟ್ಟ ಬಂದಾಂಗ ಇರೂದುಲ್ಲ. ಮುಚ್ಚಿರ್ತೈತಿ.”

ಅಷ್ಟು ಹೇಳಿ ಇಟ್ಟುಬಿಟ್ಟಳು. ಅವರ ಕಂಪ್ಯೂಟರು ಹಳೆಯದು, ಪ್ರೋಗ್ರಾಮು ಏಳಲು ಹೊತ್ತು ಹಿಡಿಯುತ್ತದೆ, ಅದಕ್ಕೇ ಬೇಸರ ಇರಬೇಕು ಎಂದು ನಾನು ತಿಳಿದುಕೊಂಡೆ. ಮುಂದಿನ ಸಲ ತವರಿಗೆ ಹೋದಾಗ ಕೊನೆಯ ಕಿಟಕಿ ಮುಚ್ಚಿದರೂ ಪ್ರೋಗ್ರಾಮು ಒಳಗೇ ಕೂತಿರುವಂತೆ ಬದಲಾಯಿಸಿ ಬಂದೆ. ಎರಡನೆಯ ಪಕ್ಷಕ್ಕೆ ಸೇರಿದೆ ಎನ್ನಿ.

ಈ ಸಲ ಫೋನು ಬಂದದ್ದು ಸಣ್ಣ ವೈನಿಯಿಂದ. “ಸರೋಜಾ, ಏನ ಮಾಡಿಟ್ಟಿ ಅದಕ್ಕ? ಎಲ್ಲಾ ಮುಚ್ಚೀನಿ, ಪರದಿ ಸ್ವಚ್ಛ ಐತಿ, ಆದ್ರೂ ಕೆಳಗ ಅದರ ಚಿತ್ರ ಮಿಣಮಿಣ ಅಂತೈತಿ. ಯಾರೋ ಒಳಗ ಕುಂತು ನನ್ನ ನೋಡಾಕತ್ತಾಂಗ ಆಗ್ತೈತವ್ವ. ನಾ ಸೀದಾ ಗ್ವಾಡಿ ಮ್ಯಾಲಿನ ಬಟನ್ ಬಂದ್ ಮಾಡಿಬಿಟ್ಟೆ.”

ಕಂಪ್ಯೂಟರನ್ನು ಹಾಗೆ ಗೋಡೆಯ ಬಟನ್‌ನಿಂದ ಬಂದ್ ಮಾಡಬಾರದು ಎಂದು ಹೇಳಿದೆ. “ಹಂಗಾರ ಅದಕ್ಕ ಎದ್ದು ಹೋಗಾಕ ಹೇಳು” ಎಂದಳು. ನ್ಯಾಯವಾದ ಮಾತು. ಆದರೆ ಹೋಗಲು ಹೇಳಿದರೆ ದೊಡ್ಡ ವೈನಿಗೆ ಬೇಸರ. ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಹೋಗಬೇಕೋ ಇರಬೇಕೋ ಎಂದು ಯಂತ್ರವೇ ಕೇಳಲಿ! ಶಾಲೆಯ ಪುಸ್ತಕಗಳ ಭಾಷೆ ನನ್ನ ನಾಲಿಗೆಗೆ ಹತ್ತಿ ಬಹಳ ದಿನವಾಗಿತ್ತು. ಕೊನೆಯ ಕಿಟಕಿ ಮುಚ್ಚಿದೊಡನೆ ‘ನಿರ್ಗಮಿಸಬೇಕೆ?’ ಎಂಬ ಪ್ರಶ್ನೆ ಮೂಡುವಂತೆ, ಅದರ ಕೆಳಗೆ ‘ನಿರ್ಗಮಿಸಿ’ ಎಂಬ ಗುಂಡಿ ಕಾಣುವಂತೆ ಮಾಡಿದೆ. ವಿನಯಕ್ಕೆ ಕೊರತೆ ಇರಲಿಲ್ಲ ಎಂದೇ ನನ್ನ ಭಾವನೆ.

ಸಣ್ಣ ವೈನಿ ಅದನ್ನು ಓದಿದ ರೀತಿಯೇ ಬೇರೆ. “ನಿರ್ಗಮಿಸಿ ಅಂತ ನನಗ ಅಂತೈತಲ್ಲ! ನಾ ಈ ಮನಿಗೆ ಸೊಸಿಯಾಗಿ ನಡಕೊಂತ ಬಂದಾಕಿ, ಇಷ್ಟ ವರ್ಷ ಯಾರೂ ಹೊರಗ ನಡಿ ಅಂದಿಲ್ಲ. ಇದನ್ನ ಬರಿಯಾಕ ನಿನಗ ಅಕ್ಕಾರು ಹೇಳಿದ್ರೇನು?” ಎಂದು ಫೋನಿನಲ್ಲಿ ಕೇಳಿದಳು. ಅಕ್ಕಾರು ಎಂದರೆ ದೊಡ್ಡ ವೈನಿ. ನನಗೆ ನಗು ಬಂತು, ಮರುಕ್ಷಣವೇ ನಗು ಹಾರಿಹೋಯಿತು. ಮರುದಿನವೇ ಬಸ್ಸು ಹತ್ತಿ ಹೋಗಿ ಆ ಗುಂಡಿಯ ಮೇಲೆ ‘ಬರ್ತೀನಿ’ ಎಂದು ಬರೆದು ಬಂದೆ. ಈ ಬದಲಾವಣೆ ಸಣ್ಣ ವೈನಿಗೆ ಹಿಡಿಸಿತು. ಗುಂಡಿ ಒತ್ತಿ, “ಬರ್ರಿ” ಎಂದು ಕಂಪ್ಯೂಟರಿಗೆ ಮರ್ಯಾದೆಯಿಂದ ಹೇಳುತ್ತಾಳೆ ಎಂದು ಸಣ್ಣಣ್ಣ ಸುದ್ದಿ ಕೊಟ್ಟ.

ಆದರೆ ದೊಡ್ಡ ವೈನಿಯ ಮುಖ ತಿಳಿಯಾಗಲಿಲ್ಲ. ಸ್ವಲ್ಪ ದಿನಗಳಲ್ಲಿ ದೊಡ್ಡಣ್ಣನೇ ಫೋನು ಮಾಡಿದ. ಆತ ಹೊಲ, ಭತ್ತ, ಗೋವಿನಜೋಳ ಬಿಟ್ಟು ಬೇರೆ ಮಾತಾಡುವವನಲ್ಲ. “ಸರೂ, ಇವರಿಬ್ಬರ ನಡುವ ಏನ್ ಬಂದೈತೋ ತಿಳೀವಲ್ದು. ಮಾತ ಬಿಟ್ಟಾರ. ಬ್ಯಾಳಿ ಬೆಂದಾವೇನು ಅಂತ ಇಕಿ ಬೆಕ್ಕಿಗೆ ಕೇಳ್ತಾಳ, ಬೆಂದಾವು ಅಂತ ಆಕಿನೂ ಬೆಕ್ಕಿಗೇ ಹೇಳ್ತಾಳ. ನಿಮ್ಮ ದೊಡ್ಡ ವೈನಿ ನಿನ್ನೆ, ನಾ ಇನ್ನ ಚಿತ್ತಾರ ತಗಿಯಾಕಿ ಅಲ್ಲ ಅಂದ್ಲು. ಸೂಜಿ ಡಬ್ಬಿ ಒಯ್ದು ಅಟ್ಟದ ಮ್ಯಾಲ ಇಟ್ಟಾಳ.”

“ಬ್ಯಾರೆ ಬ್ಯಾರೆ ಕಂಪ್ಯೂಟರ್ ತಗೊಂಡ್ರ ಹೆಂಗ ಅಣ್ಣಾ?”

“ಇವತ್ತ ಕಂಪ್ಯೂಟರ್ ಬ್ಯಾರೆ, ನಾಳೆ ಒಲಿ ಬ್ಯಾರೆ” ಎಂದು ಆತ ನಿಟ್ಟುಸಿರು ಬಿಟ್ಟ. “ನೀ ತಂದಿಟ್ಟಿದ್ದು, ನೀನ ಬಂದು ಏನರ ಮಾಡು.”

ಸೂಜಿ ಡಬ್ಬಿ ಅಟ್ಟ ಏರಿತು ಎಂದಾಗ ನನಗೆ ನಿಜವಾಗಿ ಗಾಬರಿಯಾಯಿತು. ನನ್ನ ಅಪ್ಪ ತೀರಿಕೊಂಡ ವರ್ಷ ಕೂಡ ದೊಡ್ಡ ವೈನಿ ಸೂಜಿ ಬಿಟ್ಟಿರಲಿಲ್ಲ. ನಾದಿನಿ ಎಂದರೆ ಮನೆ ಒಡೆಯುವವಳು ಎಂದು ಜನ ಸುಮ್ಮಸುಮ್ಮನೆ ಹೇಳುತ್ತಾರೆ ಎಂದು ತಿಳಿದಿದ್ದೆ. ನಾನು ಕುಂದಗೋಳದಲ್ಲಿ ಕೂತುಕೊಂಡೇ ಆ ಕೆಲಸ ಮಾಡಿ ಮುಗಿಸಿದ್ದೆ! ಕೊನೆಯ ಕಿಟಕಿ ಮುಚ್ಚಿದರೆ ಏನಾಗಬೇಕು ಎಂದು ಮೂರು ಸಲ ಬದಲಾಯಿಸಿದ್ದೆನೇ ಹೊರತು, ಒಬ್ಬಳು ಯಾಕೆ ಮುಚ್ಚುತ್ತಾಳೆ, ಇನ್ನೊಬ್ಬಳು ಯಾಕೆ ತೆರೆದಿಡುತ್ತಾಳೆ ಎಂದು ಒಂದು ಸಲವೂ ಕೇಳಿರಲಿಲ್ಲ.

ರವಿವಾರ ಹೋದೆ. ಸಣ್ಣ ವೈನಿ ಹಿತ್ತಲಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದಳು. ಬಾಜೂಕೆ ನಿಂತು ಕೇಳಿದೆ. “ವೈನಿ, ದೊಡ್ಡ ವೈನಿ ತಗದಿಟ್ಟದ್ದನ್ನ ನೀವು ಯಾಕ ಮುಚ್ತೀರಿ?”

ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಮುಚ್ಚದ ಏನ ಮಾಡ್ಲಿ? ಅದು ಅಕ್ಕಾರ ಕೆಲಸ. ಅರ್ಧಾ ಮಾಡಿ ಎದ್ದ ಹೋಗಿರ್ತಾರ. ಅವರು ಇಲ್ಲದಾಗ ನಾ ನೋಡಿದ್ರ, ಅವರ ಟ್ರಂಕ್ ತಗದು ಸೀರಿ ಮುಟ್ಟಿದಾಂಗ ಆಗೂದುಲ್ಲೇನು? ನಾ ಕುಂತ ಕೂಡ್ಲೆ ಮಾರಿ ಈ ಕಡೆ ಮಾಡಿ, ಮೂಲ್ಯಾಗ ಒತ್ತಿ ಮುಚ್ಚಿಬಿಡ್ತೀನಿ. ಏನ ತಗದಾರ ಅಂತ ಇವತ್ತಿನ ತನಾ ಕಣ್ಣೆತ್ತಿ ನೋಡಿಲ್ಲ, ನಿನ್ನಾಣಿ.”

ಮುಖ ತಿರುಗಿಸಿಕೊಂಡು ಅಂದಾಜಿನ ಮೇಲೆ ಮೂಲೆ ಹುಡುಕಿ ಒತ್ತುವುದನ್ನು ಆಕೆ ಮಾಡಿ ತೋರಿಸಿದಳು. ಎಮ್ಮೆ ಕೂಡ ನೀರು ಬಿಟ್ಟು ಆಕೆಯನ್ನು ನೋಡಿತು.

ಒಳಗೆ ಬಂದೆ. ದೊಡ್ಡ ವೈನಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ನಾನೂ ಒಂದೆರಡು ಕಲ್ಲು ಹೆಕ್ಕಿದೆ. ಆಮೇಲೆ ಕೇಳಿದೆ. “ವೈನಿ, ನೀವು ಏಳುವಾಗ ಚಿತ್ತಾರ ಯಾಕ ತಗದಿಟ್ಟು ಬರ್ತೀರಿ? ಮುಚ್ಚಾಕ ಮರೀತೀರೇನು?”

ಆಕೆ ಮೊರವನ್ನು ಎರಡು ಸಲ ಆಡಿಸಿ, ಒಂದು ಕಲ್ಲು ಹೆಕ್ಕಿ ಬಿಸುಟಳು.

“ಆಕಿ ನೋಡ್ಲಿ ಅಂತ” ಎಂದಳು ಕೊನೆಗೆ.

“ಗಿರಿಜಾ ವೈನಿ?”

“ಮತ್ಯಾರು. ಸೀರಿಗೆ ಇಳಸಾಕಿ ಆಕಿ. ಆಕಿಗೆ ಸೇರ್ತೋ ಇಲ್ಲೋ ತಿಳೀಬೇಕಲ್ಲ.”

“ಕರದು ತೋರಸಬೇಕಿತ್ತಲ್ರಿ?”

“ಏನಂತ ಕರೀಲಿ? ನಾ ಒಂದ ಎಮ್ಮಿ ತಗದೀನಿ ಬಾ ಅಂತನ? ಕಸೂತ್ಯಾಗ ಯಾರರ ಎಮ್ಮಿ ತಗದಾರೇನು? ನಕ್ಕರ?” ಆಕೆ ಮೊರ ಕೆಳಗಿಟ್ಟಳು. “ಆನಿ ನಾ ಒಂದೂ ನೋಡಿಲ್ಲ, ನವಲು ಎಂದರ ಒಮ್ಮೆ ಬರ್ತಾವು. ಎಮ್ಮಿ ನೋಡಿ ನೋಡಿ ಕೈಗೆ ಬಂತು, ತಗದೆ. ದಿನಾ ತಗದಿಡೂದು, ದಿನಾ ಮುಚ್ಚೂದು. ಒಂದ ಮಾತ ಇಲ್ಲ. ಚಲೋ ಇಲ್ಲ ಅಂತ ಬಾಯಿಲೆ ಹೇಳಿದ್ರ ನಡೀತಿತ್ತು, ಹಂಗ ಮಾರಿ ಮ್ಯಾಲ ಮುಚ್ಚಿದ್ಲಲ್ಲ ಅಂತ ಬ್ಯಾಸರಾತು.”

ಮುಖ ತಿರುಗಿಸಿಕೊಂಡು ಮೂಲೆ ತಡವುವ ಆ ಕೈ ಕಣ್ಣ ಮುಂದೆ ಬಂತು. ಎದ್ದು ಹಿತ್ತಲಿಗೆ ಹೋದೆ, ಸಣ್ಣ ವೈನಿಯ ಕೈ ಹಿಡಿದು ಎಳೆದುಕೊಂಡು ಬಂದೆ. ದೊಡ್ಡ ವೈನಿಯನ್ನೂ ಎಬ್ಬಿಸಿದೆ. ಇಬ್ಬರನ್ನೂ ಕಂಪ್ಯೂಟರಿನ ಮುಂದೆ ನಿಲ್ಲಿಸಿ, “ಗಿರಿಜಾ ವೈನಿ, ದೊಡ್ಡ ವೈನಿ ಇದನ್ನ ನಿಮಗ ತೋರಸಾಕಂತ ತಗದಿಡ್ತಿದ್ರಂತ. ನೀವು ನೋಡಿಲ್ಲ. ಈಗ ನೋಡ್ರಿ” ಎಂದು ಆ ಚಿತ್ತಾರ ತೆರೆದೆ.

ಯಂತ್ರ ಹಳೆಯದು ಎಂದೆನಲ್ಲ, ತೆರೆಯಲು ತನ್ನ ಹೊತ್ತು ತೆಗೆದುಕೊಂಡಿತು. ದೊಡ್ಡ ವೈನಿ ಕಿಟಕಿಯ ಆಚೆ ನೋಡುತ್ತ ನಿಂತಳು. ಇದು ಗೋಡೆಗಿರುವ ನಿಜವಾದ ಕಿಟಕಿ. ಕೊನೆಗೆ ಪರದೆಯ ಮೇಲೆ ಎಮ್ಮೆಗಳ ಸಾಲು ಮೂಡಿತು. ಒಂದರ ಹಿಂದೆ ಒಂದು, ತಲೆ ತಗ್ಗಿಸಿ, ಹೊಟ್ಟೆ ತುಂಬಿದ ನಡಿಗೆಯಲ್ಲಿ ಸೆರಗಿನ ಅಂಚಿನ ಉದ್ದಕ್ಕೂ ಮನೆಗೆ ಬರುತ್ತಿದ್ದವು. ನನಗೆ ಕಸೂತಿ ತಿಳಿಯದು, ಆದರೆ ಆ ನಡಿಗೆ ತಿಳಿಯಿತು. ಸಂಜೆ ನಮ್ಮ ಓಣಿಯಲ್ಲಿ ದಾರಿ ಬಿಡದೆ ಬರುವ ನಡಿಗೆ ಅದು.

ಸಣ್ಣ ವೈನಿ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಅಡಿಗೆಮನೆಯಿಂದ ಬೆಕ್ಕು ಬಂದು ಇಬ್ಬರ ನಡುವೆ ಕೂತಿತು. ತನಗೆ ಕೆಲಸ ಬರುತ್ತದೆ ಎಂದುಕೊಂಡಿರಬೇಕು. ಸಣ್ಣ ವೈನಿ ಅದರ ಕಡೆ ನೋಡಲಿಲ್ಲ. ಸೀದಾ ದೊಡ್ಡ ವೈನಿಯ ಕಡೆ ತಿರುಗಿದಳು.

“ಅಕ್ಕಾರ, ಇದರ ಕೋಡು ತಪ್ಪೈತ್ರಿ.”

ದೊಡ್ಡ ವೈನಿ ಮೆಲ್ಲಗೆ ತಿರುಗಿದಳು. “ಏನ್ ತಪ್ಪೈತಿ?”

“ಇವು ಆಕಳ ಕೋಡು. ಮ್ಯಾಲಕ ಎದ್ದಾವು. ನಮ್ಮ ಎಮ್ಮಿವು ಹಿಂದಕ ಹೋಗಿ ಹೊಳ್ಳತಾವು. ದಿನಾ ಎರಡ ಹೊತ್ತು ಅದರ ಬಾಜೂಕ ಕುಂಡ್ರಾಕಿ ನಾನು.”

“ಹೊಳ್ಳತಾವು ಅಂತ ನನಗೂ ಗೊತ್ತೈತಿ. ಎಳಿ ಎಣಿಸಿ ಹಾಕೂದು ನೆಟ್ಟಗ ಹೋಗ್ತೈತಿ, ಇಲ್ಲಾ ಮೂಲಿಗೆ ಹೋಗ್ತೈತಿ. ದುಂಡಗ ಹೆಂಗ ಹೋಗಬೇಕು?”

“ಪಾವಟಿಗಿ ಪಾವಟಿಗಿ ಇಳಸ್ರಿ, ಮೆಟ್ಲಾ ಇಳದಾಂಗ. ತುದೀಗೆ ಒಂದ ಎಳಿ ಒಳಗ ತಗೋರಿ.”

“ತಗೊಂಡ್ರ ಕಿವಿ ಎಲ್ಲಿ ಹೋಗಬೇಕು?”

“ಕಿವಿ ಕೋಡಿನ ಕೆಳಗ ಇರ್ತೈತ್ರಿ, ಮುಂದ ಅಲ್ಲ!”

“ಮುಂದ ಇರ್ತೈತಿ!”

ದನಿ ಏರತೊಡಗಿತು. ದೊಡ್ಡಣ್ಣ ಗಾಬರಿಯಾಗಿ ಪಡಸಾಲೆಯಿಂದ ಓಡಿ ಬಂದ. ನಾನು ಬಾಯಿಯ ಮೇಲೆ ಬೆರಳಿಟ್ಟು ಆತನನ್ನು ತಡೆದೆ. ಅಷ್ಟರಲ್ಲಿ ಇಬ್ಬರೂ ಹಿತ್ತಲ ದಾರಿ ಹಿಡಿದಿದ್ದರು. ನಾವು ಹೋಗಿ ನೋಡಿದರೆ, ಸಣ್ಣ ವೈನಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದಾಳೆ, ದೊಡ್ಡ ವೈನಿ ಅದರ ಕೋಡಿನ ಮೇಲೆ ಬೆರಳು ಇಟ್ಟು ಗೇಣು, ಅರ್ಧಗೇಣು ಎಂದು ಅಳೆಯುತ್ತಿದ್ದಾಳೆ. ಎಮ್ಮೆ ತಲೆ ಕೊಡವಿತು. “ಸುಮ್ನ ನಿಂದ್ರ!” ಎಂದು ಇಬ್ಬರೂ ಒಟ್ಟಿಗೇ ಗದರಿದರು. ಕಿವಿ ಕೋಡಿನ ಕೆಳಗೇ ಇತ್ತು. ದೊಡ್ಡ ವೈನಿ ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ, ಆದರೆ ಒಳಗೆ ಬಂದವಳೇ ದೊಡ್ಡಣ್ಣನಿಗೆ ಅಟ್ಟದ ಮೇಲಿನ ಡಬ್ಬಿ ಇಳಿಸಲು ಹೇಳಿದಳು.

ನನ್ನ ಪ್ರೋಗ್ರಾಮು ಏನಾಯಿತು ಎಂದು ನೀವು ಕೇಳಬಹುದು. ಅವತ್ತು ಸಂಜೆ ಬಸ್ಸಿನಲ್ಲಿ ಕೂತು ಬಹಳ ವಿಚಾರ ಮಾಡಿದೆ. ಮುಂದಿನ ರಜೆಯಲ್ಲಿ ಅದನ್ನು ಕೊನೆಯ ಸಲ ತಿದ್ದಿದೆ. ಈಗ ಕೊನೆಯ ಕಿಟಕಿ ಮುಚ್ಚಿದರೆ ಅದು ಏನೂ ಕೇಳದೆ ಹೋಗುತ್ತದೆ. ಮತ್ತೆ ತೆರೆದಾಗ, ಹಿಂದಿನ ಸಲ ಎದುರಿಗಿದ್ದ ಚಿತ್ತಾರಗಳನ್ನೆಲ್ಲ ಇದ್ದ ಜಾಗದಲ್ಲಿಯೇ ಇಟ್ಟುಕೊಂಡು ಬರುತ್ತದೆ. ಎರಡೂ ಪಕ್ಷದವರು ಮೆಚ್ಚಬೇಕಾದ ಏರ್ಪಾಡು ಎಂದು ನನಗೆ ಹೆಮ್ಮೆ. ವೈನಿಯರಿಬ್ಬರೂ ಅದನ್ನು ಗಮನಿಸಿಯೇ ಇಲ್ಲ. ಅವರೀಗ ಮಧ್ಯಾಹ್ನ ಒಂದೇ ಹೊತ್ತಿಗೆ ಕೂರುತ್ತಾರೆ, ಒಬ್ಬಳು ಮುಚ್ಚಲು ಹೋದರೆ ಇನ್ನೊಬ್ಬಳು ಕೈ ಹಿಡಿಯುತ್ತಾಳೆ.

ಮೊನ್ನೆ ನಮ್ಮ ಸಂಬಂಧಿಕರ ಒಂದು ಮದುವೆಗೆ ದೊಡ್ಡ ವೈನಿ ಕಪ್ಪು ಸೀರೆ ಉಟ್ಟು ಬಂದಿದ್ದಳು. ಸೆರಗಿನ ತುಂಬ ಬಿಳಿ ದಾರದ ಎಮ್ಮೆಗಳು. ಊಟದ ಪಂಕ್ತಿಯಲ್ಲಿ ಅಣ್ಣಿಗೇರಿ ಕಡೆಯ ಹೆಂಗಸೊಬ್ಬಳು ಆ ಸೆರಗನ್ನು ಕೈಗೆ ತೆಗೆದುಕೊಂಡು, ತಿರುವಿ ಹಿಂಬದಿಯನ್ನೂ ನೋಡಿ, “ಇಂಥಾದ್ದು ನಾ ಎಲ್ಲೂ ನೋಡಿಲ್ಲ ಬಿಡ್ರಿ. ಎಮ್ಮಿ ಹೌದಲ್ರಿ? ಯಾರ ತಗದಿದ್ದು?” ಎಂದು ಕೇಳಿದಳು.

ದೊಡ್ಡ ವೈನಿ ನಾಚಿಕೊಂಡು ಬಾಯಿ ತೆರೆಯುವುದರೊಳಗೆ ಹಿಂದಿನ ಸಾಲಿನಿಂದ ಸಣ್ಣ ವೈನಿ ಕುತ್ತಿಗೆ ಉದ್ದ ಮಾಡಿ ಹೇಳಿದಳು:

“ಎಮ್ಮಿ ನಮ್ಮ ಅಕ್ಕಾರದ್ರಿ. ಕೋಡು ನಂದು.”